ಶಾಲೆಯಲ್ಲಿ ಹಾಡು, ಮಂಡಲಿಯಲ್ಲಿ ಶರಣು





ಈ ವಾರ ಇರುಮುಡಿಯ ವಿಚಾರ ಮುಂದುವರಿಸಬೇಕಿತ್ತು. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ. ಚೆನ್ನೈನ ನಮ್ಮ ಕನ್ನಡ ಸ್ವಾಮಿಗಳ ನಡುವೆ ಒಂದು ಮನವಿಪತ್ರ ಕೈಯಿಂದ ಕೈಗೆ ಓಡಾಡುತ್ತಿದೆ. ಮಕ್ಕಳು ಓದುವ ಶಾಲೆಗಳ ಕರೆಸ್ಪಾಂಡೆಂಟರಿಗೆ ಕೊಡಬೇಕೆಂದಿರುವ ಪತ್ರ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳಿಂದಲೂ ಸ್ತೋತ್ರ, ಭಜನೆ ಕಡ್ಡಾಯವಾಗಿ ಹೇಳಿಸಬೇಕು ಎಂದು ಅದರಲ್ಲಿದೆ. ಗುರುಸ್ವಾಮಿಯ ಸಹಿ ಮೊದಲು ಬೀಳಲಿ ಎಂದು ನನ್ನ ಹತ್ತಿರ ತಂದರು. ನಾನು ಎರಡು ದಿನ ಇಟ್ಟುಕೊಂಡೆ. ಯಾಕೆಂದು ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿಯೇ ಹೇಳಿಬಿಡುತ್ತೇನೆ.

ಪತ್ರದ ಹಿಂದೆ ಇರುವ ನೋವು ಸುಳ್ಳಲ್ಲ. ಒಬ್ಬ ಸ್ವಾಮಿ ಹೇಳಿದರು, "ನನ್ನ ಮಗಳಿಗೆ ಇಂಗ್ಲಿಷ್ ಪದ್ಯ ಹತ್ತು ಬಾಯಿಗೆ ಬರುತ್ತವೆ ಸ್ವಾಮಿ, ದಾಸರ ಪದ ಒಂದೂ ಬರೋದಿಲ್ಲ." ಇನ್ನೊಬ್ಬರ ಮಗ ಈ ವರ್ಷ ಕನ್ನಿ. ಯೂನಿಫಾರ್ಮ್ ಒಳಗೆ ಮಾಲೆ ಹಾಕಿಕೊಂಡು ಹೋದ ಮಗುವಿಗೆ, ತೆಗೆದಿಟ್ಟು ಬಾ ಎಂದರಂತೆ. ಗೇಟಿನ ಹತ್ತಿರ ನಿಂತು ಅತ್ತನಂತೆ. ತಂದೆಗೆ ಸಿಟ್ಟು ಬರದೆ ಇರುತ್ತದೆಯೇ? ಬಂದಿದೆ. ಪತ್ರದ ಅರ್ಧ ಮಾತು ಆ ಸಿಟ್ಟಿನದು.

ಪತ್ರ ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ನಾವು ಶರಣು ಕರೆಯುವುದನ್ನು ಕಲಿತದ್ದು ಹೇಗೆ, ನೆನಪು ಮಾಡಿಕೊಳ್ಳಿ. ಯಾರೂ ಪುಸ್ತಕ ಕೊಟ್ಟು ಕೂರಿಸಲಿಲ್ಲ. ಮಾಲೆ ಹಾಕಿದ ಮೊದಲ ಸಂಜೆ ಗುಂಪಿನ ಹಿಂದೆ ನಿಂತಿರುತ್ತೇವೆ. ಗುರುಸ್ವಾಮಿ ಒಂದು ನಾಮ ಎತ್ತುತ್ತಾರೆ, ಉಳಿದವರು ಶರಣಂ ಅಯ್ಯಪ್ಪ ಎನ್ನುತ್ತಾರೆ. ಮೊದಲ ದಿನ ನಾಚಿಕೆ. ಮೂರನೆಯ ದಿನ ತುಟಿ ಅಲ್ಲಾಡುತ್ತದೆ. ಹತ್ತನೆಯ ದಿನ ಗಂಟಲು ಬಿಚ್ಚುತ್ತದೆ. ಬೆಟ್ಟ ಹತ್ತುವಾಗ ಉಸಿರು ಸಿಕ್ಕಿಕೊಂಡ ಕಡೆ ಪಕ್ಕದವರ ಶರಣೇ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ನಲವತ್ತೊಂದು ದಿನದಲ್ಲಿ ನೂರೆಂಟು ನಾಮವೂ ಬಾಯಿಗೆ ಬಂದಿರುತ್ತದೆ, ಪರೀಕ್ಷೆ ಇಲ್ಲ, ಅಂಕ ಇಲ್ಲ. ಕರೆಯುವವನಿಗೆ ಓಗೊಡುವವರು ಬೇಕು. ಓಗೊಡುವುದು ಅವರವರ ಗಂಟಲಿನಿಂದ, ಅವರವರ ಮನಸ್ಸಿನಿಂದ ಬರಬೇಕು. ಬೆದರಿಸಿ ಹೇಳಿಸಿದರೆ ಸದ್ದು ಬರುತ್ತದೆ, ಶರಣು ಬರುವುದಿಲ್ಲ.

ಇದೇ ಊರಿನಲ್ಲಿ, ಇದೇ ರೀತಿಯಲ್ಲಿ, ನಮ್ಮ ದಾಸರೊಬ್ಬರು ದಿನವೂ ಸಾವಿರಾರು ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಮೈಲಾಪುರದಲ್ಲೋ ಮಾಂಬಲದಲ್ಲೋ ಸಂಜೆ ಯಾವುದಾದರೂ ಬೀದಿಯಲ್ಲಿ ನಿಂತು ಕಿವಿಗೊಡಿ. ಪಾಟ್ಟು ಟೀಚರ್ ಮನೆಯ ಕಿಟಕಿಯಿಂದ ಮಾಯಾಮಾಳವಗೌಳದ ಸರಳೆ ವರಸೆ ಕೇಳಿಸುತ್ತದೆ. ಟೀಚರ್ ಒಂದು ಸಾಲು, ಮಕ್ಕಳು ಒಂದು ಸಾಲು. ಆಮೇಲೆ ಜಂಟಿ ವರಸೆ, ಅಲಂಕಾರ. ಅದು ಮುಗಿದರೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಪಿಳ್ಳಾರಿ ಎಂದರೆ ಗಣಪತಿ, ತಮಿಳರ ಪಿಳ್ಳೈಯಾರ್. ಈ ಪಾಠಕ್ರಮ ಹಾಕಿಕೊಟ್ಟವರು 16ನೇ ಶತಮಾನದ ಪುರಂದರದಾಸರು ಎಂಬುದು ಸಂಗೀತಗಾರರೆಲ್ಲ ಒಪ್ಪಿ ನಡೆಸಿಕೊಂಡು ಬಂದ ಪರಂಪರೆ. ಮನೆಯಲ್ಲಿ ತಮಿಳು ಮಾತ್ರ ಗೊತ್ತಿರುವ ಮಗು ಮೊದಲು ಕಲಿಯುವ ಗೀತೆ ಕನ್ನಡದ ದಾಸರದ್ದು. ಇದಕ್ಕೆ ಯಾವ ಸರ್ಕಾರ ಆದೇಶ ಹೊರಡಿಸಿತು? ಯಾವ ಸಂಘ ಮನವಿ ಕೊಟ್ಟಿತು? ಲಲಿತಾಂಗಿ ಅವರು ದಾಸರ ಪದಗಳನ್ನು ಸ್ವರಪಡಿಸಿ ಅಚ್ಚು ಹಾಕಿಸಿದರು, ಅವರ ಮಗಳು ಎಂ.ಎಲ್. ವಸಂತಕುಮಾರಿ ಮದ್ರಾಸಿನ ಕಛೇರಿಗಳಲ್ಲಿ ಹಾಡಿ ಹಾಡಿ ಜನರ ಕಿವಿಗೆ ಹತ್ತಿಸಿದರು. ಪ್ರೀತಿಯಿಂದ ಆದ ಕೆಲಸ ಅದು.

ಬಲವಂತದ ಮಾತು ಬಂತು. ತಡೆಯುವುದೂ ಬಲವಂತವೇ ಎಂಬುದನ್ನು ಮರೆಯಬಾರದು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ಮದ್ರಾಸಿಗೆ ಬಂದು ನೆಲೆಸಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ದುಡಿಮೆಯ ಹಣದಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆದರೆ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. 1927ರಲ್ಲಿ ಆಕೆ ಹೆಂಗಸರನ್ನೇ ಸೇರಿಸಿಕೊಂಡು ಗುಡಿಯ ಹಿಂಬದಿಯಲ್ಲಿ ಆರಾಧನೆ ನಡೆಸಿದರು. ಇವತ್ತು ಅದೇ ಜಾಗದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕುಳಿತು ಪಂಚರತ್ನ ಕೃತಿಗಳನ್ನು ಗೋಷ್ಠಿಯಾಗಿ ಹಾಡುವುದನ್ನು ಟೀವಿಯಲ್ಲಿ ನೋಡುತ್ತೇವೆ. ಆ ಗೋಷ್ಠಿಯಲ್ಲಿ ದೊಡ್ಡ ವಿದ್ವಾಂಸರೂ ಇರುತ್ತಾರೆ, ಈಗಷ್ಟೇ ಕಲಿತ ಹುಡುಗಿಯೂ ಇರುತ್ತಾಳೆ. ಶ್ರುತಿ ತಪ್ಪಿದವನನ್ನು ಉಳಿದವರ ಶ್ರುತಿ ಸರಿಮಾಡುತ್ತದೆ.

ಹಾಗಾದರೆ ಶಾಲೆಯಲ್ಲಿ ಕಲಿಸಬೇಕೋ ಬೇಡವೋ? ಕಲಿಸಲೇಬೇಕು ಎಂದೇ ನನ್ನ ಮಾತು. ದಾಸರ ಪದ, ವಚನ, ತಿರುಪ್ಪಾವೈ, ತೇವಾರ, ವೇದನಾಯಕಂ ಪಿಳ್ಳೆಯವರ ಕೀರ್ತನೆ, ಎಲ್ಲವನ್ನೂ ಹಾಡಾಗಿ, ಈ ನೆಲದ ಆಸ್ತಿಯಾಗಿ ಕಲಿಸಲಿ. ಒಂಟಿಯಾಗಿ ಅಲ್ಲ, ಒಟ್ಟಾಗಿ. ಒಬ್ಬನೇ ಹಾಡು ಎಂದರೆ ಬೆವರುವ ಹುಡುಗ ಗುಂಪಿನಲ್ಲಿ ಹಾಡುತ್ತಾನೆ. ಪಕ್ಕದವನ ದನಿ ಕೇಳಿಸಿಕೊಳ್ಳದೆ ಗುಂಪಿನಲ್ಲಿ ಹಾಡಲಾಗುವುದಿಲ್ಲ, ಹಾಗಾಗಿ ಕೇಳಿಸಿಕೊಳ್ಳುವುದನ್ನೂ ಕಲಿಯುತ್ತಾನೆ. ಈಗ ಆಗುತ್ತಿರುವುದೇನು? ನಾನು ಕಂಡ ಶಾಲೆಗಳಲ್ಲಿ ಟೈಂಟೇಬಲ್‌ನಲ್ಲಿ ವಾರಕ್ಕೊಂದು ಪಾಟ್ಟು ಪೀರಿಯಡ್ ಇರುತ್ತದೆ. ಏಳನೇ ಕ್ಲಾಸು ದಾಟಿದರೆ ಗಣಿತದವರು ಅದನ್ನು ನುಂಗುತ್ತಾರೆ. ಪತ್ರ ಬರೆಯುವುದಾದರೆ ಮೊದಲು ಇದರ ಬಗ್ಗೆ ಬರೆಯಬೇಕು.

ಈ ಕೆಲಸವನ್ನು ಇದೇ ಊರಿನಿಂದ ಮಾಡಿ ತೋರಿಸಿದವರು ಇದ್ದರು. ಎಂ.ಬಿ. ಶ್ರೀನಿವಾಸನ್, ಮಲಯಾಳಂ ಸಿನಿಮಾಗಳ ಸಂಗೀತ ನಿರ್ದೇಶಕರು. ಮದ್ರಾಸ್ ಯೂತ್ ಕ್ವಯರ್ ಎಂಬ ಗಾಯನ ವೃಂದ ಕಟ್ಟಿ, ಭಾರತದ ಹಲವು ಭಾಷೆಗಳ ಹಾಡುಗಳನ್ನು ಒಟ್ಟಾಗಿ ಹಾಡಿಸಿದರು. ಶಾಲಾ ಮಕ್ಕಳಿಗೆ ಸಮೂಹ ಗಾನ ಕಲಿಸುತ್ತ ಊರೂರು ಸುತ್ತಿದರು. 1988ರಲ್ಲಿ ಲಕ್ಷದ್ವೀಪಕ್ಕೆ ಅದೇ ಕೆಲಸದ ಮೇಲೆ ಹೋದವರು ಅಲ್ಲಿಯೇ ತೀರಿಕೊಂಡರು. ಎಡಪಂಥದ ಮನುಷ್ಯ, ಗುಡಿಗೋಪುರದ ಭಕ್ತರಲ್ಲ. ನಮ್ಮ ಪೋಸ್ಟಿನಲ್ಲಿ ಅವರ ಹೆಸರು ಯಾಕೆ ಎಂದು ಕೇಳಬೇಡಿ. 1961ರ ನವೆಂಬರ್ 14ರಂದು ಇದೇ ಮದ್ರಾಸಿನ ಭರಣಿ ಸ್ಟುಡಿಯೋದಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗನಿಂದ ಮೊಟ್ಟಮೊದಲ ಹಾಡು ಹಾಡಿಸಿದವರು ಅವರೇ. ಜಾತಿಭೇದ, ಮತದ್ವೇಷ ಇಲ್ಲದ ನೆಲೆಯ ಬಗ್ಗೆ ನಾರಾಯಣ ಗುರುಗಳು ಬರೆದ ಪದ್ಯ ಅದು. ಆ ಹುಡುಗ ಕೆ.ಜೆ. ಯೇಸುದಾಸ್.

ಈಗ ಪತ್ರದಲ್ಲಿರುವ ಕಡ್ಡಾಯ ಎಂಬ ಮಾತಿಗೆ ಬರೋಣ. ಸ್ವಾಮಿಗಳೇ, ಕಾನೂನು ಮೊದಲು. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧನೆ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೂಜೆ, ಪ್ರಾರ್ಥನೆ ನಡೆಯಬಹುದು, ಆದರೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಅದರಲ್ಲಿ ಸೇರಿಸುವಂತಿಲ್ಲ. ನಮ್ಮ ಮಗುವಿಗೆ ಒಪ್ಪಿಗೆಯಿಲ್ಲದ ಪ್ರಾರ್ಥನೆ ಹೇಳಿಸಬೇಡಿ ಎಂದು ನಾವು ಕೇಳುವ ಹಕ್ಕು ಯಾವ ಸಾಲಿನಿಂದ ಬಂತೋ, ಪಕ್ಕದ ಬೆಂಚಿನ ಮಗುವಿಗೆ ಶರಣು ಹೇಳಿಸಬೇಡಿ ಎನ್ನುವ ಹಕ್ಕು ಅವರ ಮನೆಯವರಿಗೆ ಅದೇ ಸಾಲಿನಿಂದ ಬಂದಿದೆ.

ನಾವು ಎರುಮೇಲಿಗೆ ಹೋಗುತ್ತೇವಲ್ಲ, ಅದು ಕೋಟ್ಟಯಂ ಜಿಲ್ಲೆ. ಅದೇ ಜಿಲ್ಲೆಯ ಮೂವರು ಮಕ್ಕಳು, ಅಣ್ಣ ಮತ್ತು ಇಬ್ಬರು ತಂಗಿಯರು, ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆ ನಡೆಯುವಾಗ ಎದ್ದು ಮರ್ಯಾದೆಯಿಂದ ನಿಲ್ಲುತ್ತಿದ್ದರು, ತಮ್ಮ ನಂಬಿಕೆ ಅಡ್ಡ ಬರುತ್ತದೆಂದು ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಬಿಜೋ ಎಮ್ಯಾನುಯೆಲ್ ಮೊಕದ್ದಮೆ ಎಂದೇ ಅದಕ್ಕೆ ಹೆಸರು. ರಾಷ್ಟ್ರಗೀತೆಯೇ ಮರ್ಯಾದೆಯಿಂದ ನಿಂತ ಮಗುವಿನ ಬಾಯನ್ನು ಬಲವಂತದಿಂದ ತೆರೆಸಬೇಕಿಲ್ಲ ಎಂದ ಮೇಲೆ, ನಮ್ಮ ಸ್ತೋತ್ರಕ್ಕೆ ಆ ಅಧಿಕಾರ ಯಾಕೆ ಬೇಕು?

ಮಾಲೆ ತೆಗೆಯಲು ಹೇಳಿಸಿಕೊಂಡ ಮಗುವಿನ ತಂದೆಗೆ ನಾನು ಹೇಳಿದ್ದೂ ಇದನ್ನೇ. ನಂಬಿಕೆಗಾಗಿ ಸುಮ್ಮನೆ ನಿಂತ ಮಕ್ಕಳ ಪರ ಬಂದ ತೀರ್ಪು ಅದು, ಅದರ ನೆರಳಿನಲ್ಲಿ ನಿಮ್ಮ ಮಗನೂ ನಿಲ್ಲಬಹುದು. ಸಿಟ್ಟಿನಲ್ಲಿ ಹೋಗಬೇಡಿ, ಮಾಲೆ ಅಂದರೆ ಏನು, ಮಂಡಲ ಅಂದರೆ ಎಷ್ಟು ದಿನ ಎಂದು ಹೆಡ್‌ಮಾಸ್ಟರಿಗೆ ಕುಳಿತು ವಿವರಿಸಿ. ನಾನೂ ಜೊತೆಗೆ ಬರುತ್ತೇನೆ ಎಂದಿದ್ದೇನೆ. ಈ ಸೋಮವಾರ ಹೋಗುವುದಿದೆ.

ಕಾನೂನು ಬಿಡಿ, ಸ್ವಾಮಿಯ ಮಾತಿಗೇ ಬನ್ನಿ. ಪೇಟತುಳ್ಳಲ್ ಆಡುವಾಗ ವಾವರ ಪಳ್ಳಿಗೆ ನಮಸ್ಕಾರ ಮಾಡಿ ಹೊರಡುತ್ತೇವೆ. ಅಯ್ಯಪ್ಪನ ಗೆಳೆಯನಾದ ಮೇಲೂ ವಾವರ್ ವಾವರಾಗಿಯೇ ಉಳಿದ. ನೀನು ನನ್ನ ಹಾಗೆ ಆಗು, ಆಮೇಲೆ ಗೆಳೆತನ ಎಂದು ಸ್ವಾಮಿ ಹೇಳಲಿಲ್ಲ. ಸನ್ನಿಧಾನದಲ್ಲೂ ಅವನಿಗೆ ಒಂದು ನಡೆ ಇದೆ. ಅಂಥ ದೇವರ ಮಕ್ಕಳು ನಾವು, ಶಾಲೆಯ ಬಯಲಿನಲ್ಲಿ ಸಾಲು ನಿಲ್ಲಿಸಿದ ಮಕ್ಕಳಿಂದ ಅವನ ಹೆಸರನ್ನು ಕಡ್ಡಾಯ ಮಾಡಿ ಹೇಳಿಸಬೇಕೆ?

ಒಬ್ಬ ಹಿರಿಯ ಸ್ವಾಮಿ ಕೇಳಿದರು: "ದೇವರ ಹಾಡನ್ನು ಬರೀ ಹಾಡು ಅಂತ ಕಲಿಸಿದರೆ ಭಕ್ತಿ ಎಲ್ಲಿಂದ ಬಂತು ಗುರುಸ್ವಾಮಿ?" ಒಳ್ಳೆಯ ಪ್ರಶ್ನೆ. ರಾತ್ರಿ ನಡೆ ಮುಚ್ಚುವಾಗಿನ ಹರಿವರಾಸನವನ್ನೇ ತೆಗೆದುಕೊಳ್ಳಿ. ನಾವೆಲ್ಲ ಕಣ್ಣು ಮುಚ್ಚಿ ಕೇಳುವ ದಾಟಿ 1975ರ ಸ್ವಾಮಿ ಅಯ್ಯಪ್ಪನ್ ಸಿನಿಮಾದ್ದು. ದಾಟಿ ಹಾಕಿದ ಜಿ. ದೇವರಾಜನ್ ದೇವರನ್ನು ನಂಬದವರೆಂದೇ ಹೆಸರಾದವರು. ಹಾಡಿದ ಯೇಸುದಾಸ್ ಕ್ರೈಸ್ತರ ಮನೆಯಲ್ಲಿ ಹುಟ್ಟಿದವರು. ಅವರಿಗೆ ಅದು ಮೊದಲು ಸಂಗೀತವಾಗಿಯೇ ಬಂದಿರಬೇಕು. ಕೇಳಿದ ನಮ್ಮ ಕಣ್ಣಲ್ಲಿ ನೀರು ಬರುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಹಾಡನ್ನು ಚೆನ್ನಾಗಿ ಕಲಿಸುವುದಷ್ಟೇ ಟೀಚರ ಕೆಲಸ. ಅದು ಯಾವ ವಯಸ್ಸಿನಲ್ಲಿ, ಯಾವ ಕಷ್ಟದ ಹೊತ್ತಿನಲ್ಲಿ ಒಳಗೆ ಇಳಿಯುತ್ತದೆ ಎಂಬುದು ಸ್ವಾಮಿಯ ಕೈಯಲ್ಲಿದೆ.

ಇನ್ನು ಭಕ್ತಿಯ ಪಾಠ. ಅದನ್ನು ಶಾಲೆಗೆ ವಹಿಸಿ ನಾವು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮಾರ್ಗಳಿ ಬೆಳಗ್ಗೆ ಮೈಲಾಪುರಕ್ಕೆ ಹೋದವರಿಗೆ ಗೊತ್ತು, ಕಪಾಲೀಶ್ವರನ ಗುಡಿಯ ಸುತ್ತ ನಾಲ್ಕು ಮಾಡ ಬೀದಿಯಲ್ಲಿ ಭಜನೆ ಹೋಗುತ್ತದೆ. ಪಾಪನಾಶಂ ಶಿವನ್ ಅವರು ವರ್ಷವರ್ಷವೂ ಆ ಬೀದಿಗಳಲ್ಲಿ ಹಾಡಿಕೊಂಡು ನಡೆದರು. ಅವರು ಕಲಾಕ್ಷೇತ್ರದಲ್ಲಿ ಸಂಗೀತದ ಮೇಷ್ಟ್ರೂ ಆಗಿದ್ದರು. ಶಾಲೆಯಲ್ಲಿ ಸ್ವರ, ಬೀದಿಯಲ್ಲಿ ಭಜನೆ, ಎರಡನ್ನೂ ಒಬ್ಬರೇ ಮಾಡಿದರು. ಆದರೆ ಭಜನೆಗೆ ಹಾಜರಿ ಪುಸ್ತಕ ಇರಲಿಲ್ಲ. ಬಿಸಿ ಪೊಂಗಲಿನ ಆಸೆಗೆ ಗುಡಿಗೆ ಬಂದು ತಿರುಪ್ಪಾವೈಯ ಮೂವತ್ತೂ ಪಾಶುರ ಬಾಯಿಪಾಠ ಮಾಡಿಕೊಂಡ ಮಕ್ಕಳು ಈ ಊರಿನಲ್ಲಿ ಎಷ್ಟೋ. ಅದರಲ್ಲಿ ತಪ್ಪೇನೂ ಇಲ್ಲ, ನಾವೂ ಅನ್ನದಾನದ ಪಾಯಸಕ್ಕೆ ಓಡಿದವರೇ.

ನಮ್ಮ ಭಜನೆಗಳಲ್ಲಿ ಈಗ ಏನಾಗುತ್ತಿದೆ, ನೋಡಿ. ಪಡಿಪೂಜೆಗೆ ಹಣ ಕೊಟ್ಟು ಆರ್ಕೆಸ್ಟ್ರಾ ಕರೆಸುತ್ತೇವೆ. ಸ್ಪೀಕರ್ ಸದ್ದಿಗೆ ಎದೆ ನಡುಗುತ್ತದೆ. ಹಾಡುವವರು ಅವರೇ, ನಾವು ಕೈ ತಟ್ಟುವವರು. ಮಕ್ಕಳು ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದಿರುತ್ತವೆ. ಕೊನೆಗೆ ಹರಿವರಾಸನವನ್ನೂ ಯೂಟ್ಯೂಬ್‌ನಿಂದ ಹಾಕಿಬಿಡುತ್ತೇವೆ. ಮಕ್ಕಳಿಗೆ ಓಗೊಡಲು ನಾವೇ ಜಾಗ ಬಿಟ್ಟಿಲ್ಲ, ಶಾಲೆಯವರು ಕಲಿಸಲಿಲ್ಲ ಎಂದು ಪತ್ರ ಬರೆಯುತ್ತೇವೆ.

ಪತ್ರಕ್ಕೆ ನಾನು ಸಹಿ ಹಾಕಿದ್ದೇನೆ, ಕೆಲವು ಸಾಲು ಹೊಡೆದುಹಾಕಿ. ಕಡ್ಡಾಯ ಎಂಬ ಪದ ಹೋಗಿದೆ. ಪಾಟ್ಟು ಪೀರಿಯಡ್ಡನ್ನು ಹತ್ತನೇ ತರಗತಿಯವರೆಗೂ ಉಳಿಸಿ, ತಮಿಳು, ಕನ್ನಡ, ತೆಲುಗು, ಮಲಯಾಳಂ ಭಕ್ತಿಪದಗಳನ್ನೂ ನಾಡಗೀತೆಗಳನ್ನೂ ಒಟ್ಟಾಗಿ ಹಾಡಿಸಿ, ಹಾಡಲು ಇಷ್ಟವಿಲ್ಲದ ಮಗು ಸುಮ್ಮನೆ ನಿಲ್ಲಲಿ ಎಂದು ಸೇರಿಸಿದ್ದೇನೆ. ಇದಕ್ಕೆ ಒಪ್ಪದ ಸ್ವಾಮಿಗಳು ಇದ್ದಾರೆ, ಅವರ ಮೇಲೆ ನನಗೆ ಬೇಸರವಿಲ್ಲ. ಭಿಕ್ಷೆಗೆ ಎಂದಿನಂತೆ ಪಕ್ಕದಲ್ಲೇ ಕೂರೋಣ.

ಮುಂದಿನ ಶನಿವಾರದಿಂದ ಪಡಿಪೂಜೆಗೆ ಮುಂಚೆ ಸಂಜೆ ಐದರಿಂದ ಮುಕ್ಕಾಲು ಗಂಟೆ ಮಕ್ಕಳ ಸಮಯ. ಮೈಕ್ ಇರುವುದಿಲ್ಲ, ತಾಳ, ಹಾರ್ಮೋನಿಯಂ ಸಾಕು. ಮೊದಲ ವಾರ ದಾಸರ ಒಂದು ಪದ, ಆಮೇಲೆ ಶರಣುಘೋಷ, ಮಕ್ಕಳೇ ನಾಮ ಎತ್ತಬೇಕು, ದೊಡ್ಡವರು ಓಗೊಡಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬಾರದು, ಶಾಲೆಯಲ್ಲಿ ಕಲಿಯುವುದು ತಮಿಳು. ಹಾಗಾಗಿ ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ತಮಿಳು ಅಕ್ಷರ. ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ ಇರುವುದರಿಂದ ಪಕ್ಕದಲ್ಲಿ 2, 3, 4 ಎಂದು ಸಣ್ಣ ಅಂಕಿ ಹಾಕಿದ್ದೇವೆ. ಮನೆಯಲ್ಲಿ ಅಜ್ಜಿಯರು ಆ ಅಂಕಿ ತೋರಿಸಿ ಒಮ್ಮೆ ಓದಿಸಿ ಕಳಿಸಿದರೆ ಉಪಕಾರ. ಶಾಲೆಯ ಗೆಳೆಯರು ಯಾರಾದರೂ ಬರುತ್ತೇನೆ ಎಂದರೆ, ಅವರ ಮನೆಯಲ್ಲಿ ಕೇಳಿ ಕರೆದುಕೊಂಡು ಬನ್ನಿ. ಕೊನೆಗೆ ಕಡಲೆ ಸುಂಡಲ್, ಬೆಲ್ಲದ ಪೊಂಗಲ್ ಇರುತ್ತದೆ.

ಇರುಮುಡಿಯ ವಿಚಾರ ಮುಂದಿನ ಪೋಸ್ಟಿನಲ್ಲಿ.

ಸ್ವಾಮಿ ಶರಣಂ.