ಕಲಿತ ಕಸುಬು, ಹೊರಿಸಿದ ಕಸುಬು



ಹೋದ ವಾರ ಏಕಸಂಬಿಯ ಬಸ್‌ಸ್ಟ್ಯಾಂಡಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೊಬ್ಬನ ತಂದೆ ನನ್ನನ್ನು ತಡೆದರು. "ಸರ್, ಹುಡುಗನ್ನ ಐಟಿಐಗೆ ಹಚ್ಚ್ರಿ ಅಂದ್ರೆಂತ. ನಮ್ಮ ಮುತ್ಯಾ ಊರ ಚಾಕರಿ ಮಾಡಿದ, ನಾ ಕಬ್ಬ ಕಡದೆ. ಇವನೂ ಮಂದಿ ಟ್ರ್ಯಾಕ್ಟರ್ ಕೆಳಗ ಮಲಗಬೇಕೇನ್ರಿ?"

ಉತ್ತರ ನನ್ನ ಬಾಯಲ್ಲೇ ಇತ್ತು. ನಾವು ವಂದನೆಯಲ್ಲಿ ಹೇಳುವ ಮಂಗಲ ಸುತ್ತದಲ್ಲಿ ಬುದ್ಧರು ವಿದ್ಯೆಯನ್ನೂ 'ಸಿಪ್ಪ'ವನ್ನೂ, ಅಂದರೆ ಕೈಕಸುಬನ್ನೂ, ಜೊತೆಜೊತೆಗೇ ಮಂಗಲವೆಂದಿದ್ದಾರೆ ಎಂದೆ. ಅವರು ತಲೆಯಾಡಿಸಿ, "ಖರೆ ರೀ. ನಿಮ್ಮ ಮಗ ಏನ್ ಓದಾಕತ್ತಾನ?" ಎಂದರು.

ನನ್ನ ಮಗ ಪಿಯುಸಿ ಸೈನ್ಸ್. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ.

ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ಅವರ ಮುತ್ಯಾ ಮಾಡಿದ ಚಾಕರಿ ವತನದ್ದು. ಅದನ್ನು ಕೊನೆಗಾಣಿಸಲು ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ನಮ್ಮ ಚಿಕ್ಕೋಡಿಯೂ ಆಗ ಮುಂಬೈ ಪ್ರಾಂತದಲ್ಲೇ ಇತ್ತು. ಹಗಲಿರುಳೆನ್ನದೆ ಕರೆದಾಗ ಓಡಬೇಕು, ಮನೆಯಲ್ಲಿ ಒಬ್ಬನಿಲ್ಲದಿದ್ದರೆ ಇನ್ನೊಬ್ಬ ಹೋಗಬೇಕು. ಕೂಲಿಯೆಂದರೆ ತುಂಡು ಹೊಲ, ಸುಗ್ಗಿಯಲ್ಲಿ ಸಿಗುವ ಕಾಳು. ಅವರ ವಿರೋಧ ಕೈಗೆ ಮಣ್ಣು ಹತ್ತುವುದಕ್ಕಲ್ಲ. ಹುಡುಗ ಹುಟ್ಟುವ ಮೊದಲೇ ಅವನ ಕೆಲಸ ಗೊತ್ತಾಗಿರುತ್ತಿತ್ತಲ್ಲ, ಅದಕ್ಕೆ. 1936ರ 'ಜಾತಿ ವಿನಾಶ'ದಲ್ಲೂ ಅವರು ಎತ್ತಿದ್ದು ಇದೇ ಮಾತು: ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡುತ್ತದೆ, ಯಾರಿಗೆ ಯಾವುದರಲ್ಲಿ ಒಲವಿದೆ ಎಂದು ಕೇಳುವುದೇ ಇಲ್ಲ.

ಐಟಿಐಯ ಮೋಟಾರು ಮೆಕ್ಯಾನಿಕ್ ಓದು ಹಾಗಲ್ಲ. ಎರಡು ವರ್ಷದ ಕೋರ್ಸು, ಪಾಸಾದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ಪಾನಾ ತಿರುಗಿಸುವುದನ್ನು ಗ್ಯಾರೇಜಿನಲ್ಲೂ ಕಲಿಯಬಹುದು. ಇಲ್ಲಿ ಕಾರಣವನ್ನೂ ಕಲಿಸುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಒತ್ತಡಕ್ಕೆ ಕಾದ ಗಾಳಿಯಲ್ಲೇ ಎಣ್ಣೆ ಉರಿಯುತ್ತದೆ. ಗಾಳಿ ಕಡಿಮೆಯಾದರೆ ಎಣ್ಣೆ ಪೂರ್ತಿ ಉರಿಯದೆ ಕರಿ ಹೊಗೆ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಧೂಳು ತುಂಬಿದ ಟ್ರ್ಯಾಕ್ಟರ್ ಹೊಗೆಯುಗುಳಿದರೆ ಕಲಿತವನು ಮೊದಲು ಏರ್‌ಫಿಲ್ಟರ್ ಬಿಚ್ಚುತ್ತಾನೆ. 'ಇದು ಇದ್ದರೆ ಅದು' ಎಂದು ನಾವು ಪಟಿಚ್ಚ ಸಮುಪ್ಪಾದ ಓದುವುದು ಇನ್ನು ಹೇಗೆ? ಫಿಲ್ಟರ್ ಕೊಡವಿ, ಪಂಪ್ ಬದಲಿಸಿದೆನೆಂದು ಬಿಲ್ ಬರೆದರೆ ಎರಡನೇ ಶೀಲ ಮುರಿಯಿತು, ಅದು ಬೇರೆ ಮಾತು.

ಇಷ್ಟೆಲ್ಲ ಯೋಚಿಸಿ ಓದಿನ ಬಗ್ಗೆ ನನಗೆ ಸಮಾಧಾನವಾಯಿತು, ನನ್ನ ಬಗ್ಗೆ ಆಗಲಿಲ್ಲ. ಈ ವರ್ಷಗಳಲ್ಲಿ ಯಾರ್‍ಯಾರಿಗೆ ಐಟಿಐ ಎಂದೆ? ನೆನೆದೆ. ಹೆಚ್ಚಿನವರು ನಮ್ಮ ಕೇರಿಯ ಮಕ್ಕಳೇ. ಅಷ್ಟೇ ಅಂಕ ತೆಗೆದ ಊರೊಳಗಿನ ದೊಡ್ಡ ಮನೆಯ ಹುಡುಗನಿಗೆ ನಾನು ಹೇಳಿದ್ದು, "ಪಿಯುಸಿ ಮಾಡಪ್ಪಾ, ಟ್ಯೂಷನ್ ಹಚ್ಚಿಕೊ." ನಾನೂ ಇದೇ ಕೇರಿಯವನು, ನನ್ನ ಬಾಯಿಂದಲೇ ಹೀಗೆ ಬಂತು. ಕೇರಿಯ ಹುಡುಗರಲ್ಲಿ ಒಬ್ಬನನ್ನೂ "ನಿನಗೇನು ಇಷ್ಟ?" ಎಂದು ಕೇಳಿದ ನೆನಪಿಲ್ಲ.

ನಿನ್ನೆ ಆ ಹುಡುಗನ ಮನೆಗೆ ಹೋಗಿ ಕೇಳಿದೆ. ತಬ್ಬಿಬ್ಬಾದ. ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. "ವೈರಿಂಗ್ ಕೆಲಸ ಸೇರತೈತಿ ಸರ್... ಆದ್ರ ಸೈನ್ಸೂ ಓದಬೇಕನಸ್ತದ. ಎರಡ ದಿನ ಬಿಟ್ಟು ಹೇಳ್ಲೇನ್ರಿ?" ಎಂದ.

ಭಾನುವಾರ ವಂದನೆಗೆ ಅಪ್ಪ, ಮಗ ಇಬ್ಬರೂ ಬರುತ್ತಾರೆ.