ಇಂದಿನ ಧಮ್ಮ ಚಿಂತನೆ: ತಳ್ಳಿದರೆ ಸೇರದು



ಲಿಂಗನಮಕ್ಕಿಯ ನಮ್ಮ ಮನೆಯಲ್ಲಿ ಮಗ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಕ್ಲೌನ್ ಮೀನಿಗೆ ಆಸರೆಯಾಗಲೆಂದು ಹೂವಿನಂತೆ ಕಾಣುವ ಅನಿಮೋನ್ ತಂದ. ಮೀನು ಹತ್ತಿರ ಸುಳಿಯಲಿಲ್ಲ. ನಾನು ಬಲೆಯಿಂದ ಅತ್ತ ತಳ್ಳಿದೆ. ಬೆದರಿ ಮೂಲೆ ಸೇರಿತು. "ಬಿಡಪ್ಪಾ" ಎಂದ ಮಗ, ಪಂಪಿನ ಸೆಳೆತ ತಗ್ಗಿಸಿ ಸುಮ್ಮನಾದ. ಮೂರು ವಾರದ ಮೇಲೆ ಮೀನು ತಾನಾಗಿ ಹೋಗಿ ಬಾಲ ತಾಗಿಸಿತು, ಸರಿಯಿತು, ಮತ್ತೆ ತಾಗಿಸಿತು. ಬೇರೆ ಮೀನನ್ನು ಕುಟುಕಿ ತಿನ್ನುವ ಅನಿಮೋನ್ ಇದಕ್ಕೆ ಮನೆಯಾಯಿತು.

ದೀಕ್ಷೆ ಪಡೆದ ಹೊಸತರಲ್ಲಿ ಅವ್ವನ ದೇವರ ಪಟಗಳನ್ನು ನಾನೇ ಕಿತ್ತು ಅಟ್ಟಕ್ಕೆ ಹಾಕಿದ್ದೆ. ಅವಳು ವಿಹಾರಕ್ಕೆ ಒಮ್ಮೆಯೂ ಬಾರದೆ ತೀರಿಕೊಂಡಳು.

22 ಪ್ರತಿಜ್ಞೆಗಳನ್ನು ಇನ್ನೊಬ್ಬರ ಪರವಾಗಿ ಮಾಡಲಾಗದು. ಬಾಬಾಸಾಹೇಬರು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. 21 ವರ್ಷ ಓದಿದರು, ಯೋಚಿಸಿದರು. ನಾನು ಅವ್ವನಿಗೆ 21 ದಿನವನ್ನೂ ಕೊಡಲಿಲ್ಲ.

ಭವತು ಸಬ್ಬ ಮಂಗಲಂ.