ಹಳೆಯ ಧಾಟಿಗೆ ಮರಳಿದರೆ

ಮದುವೆಯಾದ ಮೇಲೆ ವೀಣೆ ಬಿಟ್ಟ ಹಲಸೂರಿನ ಗೃಹಿಣಿ ಐವತ್ತೆಂಟರಲ್ಲಿ ಮತ್ತೆ ತಂತಿ ಮೀಟಿದರೆ, 'ಈ ವಯಸ್ಸಿನಲ್ಲಿ ಯಾಕೆ?' ಎನ್ನುವವರೇ ಹೆಚ್ಚು. ಮರಳುವುದೆಂದರೆ ಸೋತು ಹಿಂದೆ ಸರಿಯುವುದೇ?

ಬೆಲ್‌ಫಾಸ್ಟ್‌ನ ರಾಕ್ ಗಿಟಾರ್ ವಾದಕ ಗ್ಯಾರಿ ಮೂರ್ 1987ರ 'ವೈಲ್ಡ್ ಫ್ರಾಂಟಿಯರ್' ಆಲ್ಬಮ್‌ನಲ್ಲಿ ಐರ್ಲೆಂಡಿನ ಜನಪದ ಧಾಟಿಯನ್ನು ಬೆಸೆದಿದ್ದ. 1990ರಲ್ಲಿ ಬ್ಲೂಸ್‌ನತ್ತ ಹೊರಳಿದ. ದೊಡ್ಡ ಹೆಸರು ಬಂದದ್ದು ಅಲ್ಲಿಯೇ. ಆದರೂ 2010ರ ಜುಲೈನಲ್ಲಿ, 58ರ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದ ವೇದಿಕೆಯಲ್ಲಿ ಹಳೆಯ ಧಾಟಿಗೆ ಮರಳಿದ. ಹಳೆಯ ಹಾಡುಗಳ ಜೊತೆ ಅದೇ ಧಾಟಿಯ ಹೊಸ ಹಾಡುಗಳನ್ನೂ ನುಡಿಸಿದ.

ತವರಿಗೆ ಹೋದವಳು ಮತ್ತೆ ಹುಡುಗಿಯಾಗುವುದಿಲ್ಲ. ಬದುಕು ಕಲಿಸಿದ್ದನ್ನೂ ಜೊತೆಗೆ ಒಯ್ಯುತ್ತಾಳೆ. ಅದು ಸೋಲಲ್ಲ. ಮುಂದಿನ ಫೆಬ್ರವರಿಯಲ್ಲೇ ಮೂರ್ ತೀರಿಕೊಂಡ. 'ಆಮೇಲೆ ನೋಡೋಣ' ಎಂದಿದ್ದರೆ, ಆ ಆಮೇಲೆ ಅವನಿಗೆ ಬರುತ್ತಲೇ ಇರಲಿಲ್ಲ.